ಕಾರಿನ ಟೈಟಲ್‌ಗೆ ಮುದ್ರೆ ಒತ್ತುವ ನೋಟರಿ ಆಗುವುದು ಹೇಗೆ: ನಾರ್ತ್ ಕೆರೊಲಿನಾದಲ್ಲಿರುವವರಿಗೆ ಮಾರ್ಗದರ್ಶಿ

ನಾರ್ತ್ ಕೆರೊಲಿನಾದಲ್ಲಿ ಹಳೆಯ ಕಾರು ಮಾರುವಾಗ ದುಡ್ಡು ಎಣಿಸಿಕೊಂಡು ಕೀಲಿ ಕೊಟ್ಟರೆ ಕೆಲಸ ಮುಗಿಯುವುದಿಲ್ಲ. ಆ ರಾಜ್ಯದ ಮೋಟಾರು ವಾಹನ ಕಾನೂನಿನ 20-72ನೇ ಕಲಂ ಪ್ರಕಾರ, ಪ್ರಮಾಣ ಮಾಡಿಸುವ ಅಧಿಕಾರ ಇರುವವರೊಬ್ಬರ ಎದುರಿಗೆ ಮಾಲೀಕರು ಟೈಟಲ್, ಅಂದರೆ ಕಾರಿನ ಮಾಲೀಕತ್ವ ಪತ್ರದ ಹಿಂಬದಿಯಲ್ಲಿ ಸಹಿ ಹಾಕಬೇಕು, ಗಾಡಿಯನ್ನೂ ಒಪ್ಪಿಸಬೇಕು. ಇವೆರಡೂ ಆಗುವ ತನಕ ಮಾಲೀಕತ್ವ ಕೊಳ್ಳುವವರಿಗೆ ಹೋಗುವುದೇ ಇಲ್ಲ. ಹಾಗೆ ಎದುರಿಗೆ ಕೂತು ಸಹಿ ಹಾಕಿಸುವವರು ಬಹುಪಾಲು ನೋಟರಿಗಳೇ.

ಎಲ್ಲ ರಾಜ್ಯಗಳಲ್ಲೂ ಹೀಗಿಲ್ಲ. ಟೆಕ್ಸಸ್‌, ಕ್ಯಾಲಿಫೋರ್ನಿಯಾಗಳಲ್ಲಿ ಸಾಮಾನ್ಯ ಮಾರಾಟಕ್ಕೆ ಟೈಟಲ್ ಮೇಲೆ ನೋಟರಿ ಮುದ್ರೆ ಬೇಕಿಲ್ಲ. ಒಹಾಯೊದಲ್ಲಿ ಬೇಕು, ನಾರ್ತ್ ಕೆರೊಲಿನಾದಲ್ಲೂ ಬೇಕು. ರಾಲಿ, ಕ್ಯಾರಿ, ಮಾರಿಸ್‌ವಿಲ್, ಶಾರ್ಲಟ್ ಕಡೆ ನೆಲೆಸಿರುವ ಕನ್ನಡಿಗರಲ್ಲಿ ಕಾರು ಮಾರಿದವರಿಗೆಲ್ಲ ಒಮ್ಮೆಯಾದರೂ ನೋಟರಿಯನ್ನು ಹುಡುಕಿಕೊಂಡು ಹೋಗಬೇಕಾಗಿ ಬಂದಿರುತ್ತದೆ. ಇದು ಆ ಹುಡುಕಾಟದ ಇನ್ನೊಂದು ತುದಿಯಲ್ಲಿ, ಮೇಜಿನ ಆಚೆ ಬದಿಯಲ್ಲಿ ಕೂರಬಯಸುವವರಿಗೆ ಬರೆದದ್ದು.

ನಮ್ಮೂರಿನ ನೋಟರಿ ಬೇರೆ, ಇಲ್ಲಿಯ ನೋಟರಿ ಬೇರೆ

ಭಾರತದಲ್ಲಿ ನೋಟರಿ ಎಂದರೆ ವಕೀಲರು. 1952ರ ನೋಟರಿ ಕಾಯ್ದೆಯಡಿ ಸರ್ಕಾರ ನೇಮಿಸುತ್ತದೆ; ಸಾಮಾನ್ಯವಾಗಿ ಹತ್ತು ವರ್ಷ ವಕೀಲಿ ಮಾಡಿರಬೇಕು. ಕಾರು ಮಾರುವಾಗ ಆರ್‌ಟಿಒಗೆ 29 ಮತ್ತು 30ನೇ ನಮೂನೆ ಕೊಡುತ್ತೇವೆ. ಆರ್‌ಸಿಯ ಬೆನ್ನ ಮೇಲೆ ಯಾರೂ ಮುದ್ರೆ ಒತ್ತುವುದಿಲ್ಲ. ಅಮೆರಿಕದಲ್ಲಿ ನೋಟರಿ ಆಗಲು ವಕೀಲರಾಗಬೇಕಿಲ್ಲ. ಬ್ಯಾಂಕಿನ ಗುಮಾಸ್ತರು, ಕಾರು ಡೀಲರ್ ಕಚೇರಿಯ ಸಿಬ್ಬಂದಿ, ಪಾರ್ಸೆಲ್ ಅಂಗಡಿಯವರು, ಯಾರೂ ಆಗಬಹುದು. ಅದರಿಂದಲೇ ಅಧಿಕಾರವೂ ಕಿರಿದು: ಈ ಮನುಷ್ಯ ನನ್ನೆದುರಿಗೆ ಬಂದಿದ್ದ, ಇವನೇ ಅವನು ಎಂದು ಖಾತ್ರಿ ಮಾಡಿಕೊಂಡೆ, ತನ್ನಿಷ್ಟದಿಂದ ಸಹಿ ಹಾಕಿದ ಎಂದು ಹೇಳುವುದಷ್ಟೇ. ಕಾರು ಚೆನ್ನಾಗಿದೆಯೇ, ಬೆಲೆ ಸರಿಯೇ, ಸಾಲ ತೀರಿದೆಯೇ ಎಂಬುದಕ್ಕೆ ನೋಟರಿ ಹೊಣೆಯಲ್ಲ. ‘ನೋಟರಿ ಮಾಡಿಸಿದ್ದೇನೆ, ಇನ್ನೇನು ಭಯ’ ಎಂದು ನಮ್ಮವರು ಹೇಳುವುದುಂಟು. ಆ ಭರವಸೆಯನ್ನು ನೀವು ಕೊಡಬಾರದು, ಕೊಡುವ ಅಧಿಕಾರವೂ ನಿಮಗಿಲ್ಲ.

ಯಾರು ಅರ್ಹರು

ನೋಟರಿಗಳ ಕಾನೂನು ರಾಜ್ಯದ ಶಾಸನ ಸಂಹಿತೆಯ 10ಬಿ ಅಧ್ಯಾಯದಲ್ಲಿದೆ. ವಯಸ್ಸು 18 ತುಂಬಿರಬೇಕು. ನಾರ್ತ್ ಕೆರೊಲಿನಾದಲ್ಲಿ ವಾಸವಿರಬೇಕು, ಇಲ್ಲವೇ ಅಲ್ಲಿ ಕಾಯಂ ಕೆಲಸದ ಜಾಗ ಇರಬೇಕು. ಸೌತ್ ಕೆರೊಲಿನಾದ ಫೋರ್ಟ್ ಮಿಲ್‌ನಲ್ಲಿ ಮನೆ, ಶಾರ್ಲಟ್‌ನಲ್ಲಿ ಕೆಲಸ ಎನ್ನುವವರೂ ಆಗಬಹುದು. ಅಮೆರಿಕದಲ್ಲಿ ಕಾನೂನುಬದ್ಧವಾಗಿ ನೆಲೆಸಿರಬೇಕು. ಇಂಗ್ಲಿಷ್ ಮಾತಾಡಲು, ಓದಲು, ಬರೆಯಲು ಬರಬೇಕು. ಹೈಸ್ಕೂಲ್ ಡಿಪ್ಲೊಮಾ ಅಥವಾ ಅದಕ್ಕೆ ಸಮನಾದ ಓದು ಇರಬೇಕು.

ಗಮನಿಸಿ, ಪೌರತ್ವ ಕೇಳಿಲ್ಲ. ಹಾಗೆಂದು ಎಚ್-1ಬಿ ವೀಸಾದವರು ಹಿಗ್ಗುವ ಹಾಗಿಲ್ಲ. ನೋಟರಿ ಕಾನೂನು ನಿಮ್ಮನ್ನು ತಡೆಯದಿರಬಹುದು, ವಲಸೆ ಕಾನೂನು ತಡೆಯುತ್ತದೆ. ಎಚ್-1ಬಿಯಲ್ಲಿ ದುಡಿಯಲು ಅನುಮತಿ ಇರುವುದು ಅರ್ಜಿ ಹಾಕಿದ ಕಂಪನಿಗೆ ಮಾತ್ರ. ಶನಿವಾರ ಮನೆಯಲ್ಲಿ ಕೂತು ಸಹಿಗೆ 10 ಡಾಲರ್ ತೆಗೆದುಕೊಂಡರೂ ಅದು ಸ್ವಂತ ದುಡಿಮೆಯೇ. ಎಚ್-1ಬಿಯವರ ಮನೆಯವರಿಗೆ ಸಿಗುವ ಎಚ್-4 ವೀಸಾದಲ್ಲಿದ್ದು ಕೆಲಸದ ಪರವಾನಗಿ ಇಲ್ಲದವರಿಗೂ ಇದೇ ತೊಡಕು. ಗ್ರೀನ್ ಕಾರ್ಡ್ ಇದ್ದವರಿಗೆ, ಪೌರರಿಗೆ ಈ ಚಿಂತೆ ಇಲ್ಲ. ಉಳಿದವರು ತರಗತಿಗೆ ಹಣ ಕಟ್ಟುವ ಮೊದಲೇ ವಲಸೆ ವಕೀಲರನ್ನು ಕೇಳಿ. 10 ಡಾಲರ್‌ ಆಸೆಗೆ ಸ್ಟೇಟಸ್ ಕಳೆದುಕೊಳ್ಳುವಷ್ಟು ದೊಡ್ಡ ಸಂಪಾದನೆ ಇದಲ್ಲ.

ತರಗತಿ, ಪರೀಕ್ಷೆ, ಅರ್ಜಿ

ಮೊದಲ ಸಲ ನೋಟರಿ ಆಗುವವರು ಕನಿಷ್ಠ ಆರು ಗಂಟೆಯ ತರಗತಿಯಲ್ಲಿ ಕೂರಬೇಕು. ಸಾಮಾನ್ಯವಾಗಿ ಇದು ಕಮ್ಯುನಿಟಿ ಕಾಲೇಜುಗಳಲ್ಲಿ ನಡೆಯುತ್ತದೆ. ಆರು ಗಂಟೆ ಎಂದರೆ ಆರು ಗಂಟೆಯೇ; ತಡವಾಗಿ ಹೋದರೆ, ನಡುವೆ ಎದ್ದು ಬಂದರೆ ಅವಧಿ ತುಂಬುವುದಿಲ್ಲ. ನೋಟರಿಗಳನ್ನು ನೇಮಿಸುವ ರಾಜ್ಯದ ಅಧಿಕಾರಿ ಸೆಕ್ರೆಟರಿ ಆಫ್ ಸ್ಟೇಟ್ ಒಪ್ಪಿದ ಕೈಪಿಡಿಯ ಇತ್ತೀಚಿನ ಆವೃತ್ತಿಯನ್ನು ಕೊಳ್ಳುವುದೂ ಕಾನೂನಿನ ಷರತ್ತೇ. ಗೆಳೆಯರ ಹಳೆಯ ಪ್ರತಿಯಲ್ಲಿ ಹಳೆಯ ಶುಲ್ಕ, ಹಳೆಯ ನಿಯಮ ಇರುತ್ತವೆ. ಅದನ್ನು ನಂಬಿ ಹೋಗಬೇಡಿ.

ಪರೀಕ್ಷೆಯಲ್ಲಿ ನೂರಕ್ಕೆ 80 ಬರಬೇಕು. ಹೆಚ್ಚು ಜನ ಎಡವುವುದು ಎರಡು ಕಡೆ. ಒಂದು, ಅಕ್ನಾಲೆಜ್‌ಮೆಂಟ್‌ಗೂ ಜುರಾಟ್‌ಗೂ ಇರುವ ವ್ಯತ್ಯಾಸ. ಸಹಿ ನನ್ನದೇ, ನನ್ನಿಷ್ಟದಿಂದ ಹಾಕಿದ್ದು ಎಂದು ಒಪ್ಪಿಕೊಳ್ಳುವುದು ಅಕ್ನಾಲೆಜ್‌ಮೆಂಟ್. ಬರೆದಿರುವುದೆಲ್ಲ ನಿಜ ಎಂದು ಪ್ರಮಾಣ ಮಾಡಿ ನಿಮ್ಮೆದುರಿಗೇ ಸಹಿ ಹಾಕುವುದು ಜುರಾಟ್. ಇನ್ನೊಂದು, ಕೌಂಟಿಯ (ನಮ್ಮ ಜಿಲ್ಲೆಯಂಥ ವಿಭಾಗದ) ಹೆಸರು. ಅದರ ಮಾತು ಮುಂದೆ ಬರುತ್ತದೆ.

ತರಗತಿ ಮತ್ತು ಪರೀಕ್ಷೆ ಅರ್ಜಿಗೆ ಮುಂಚಿನ ಮೂರು ತಿಂಗಳೊಳಗೆ ಆಗಿರಬೇಕು. ಪಾಸಾದೆನಲ್ಲ ಎಂದು ಕಾಗದ ಕಪಾಟಿನಲ್ಲಿಟ್ಟು ಬೇಸಿಗೆ ರಜೆಗೆ ಊರಿಗೆ ಹೋಗಿ ಬಂದರೆ ಮತ್ತೆ ಮೊದಲಿನಿಂದ ಶುರು. ಅರ್ಜಿ ಶುಲ್ಕ 50 ಡಾಲರ್. ಅರ್ಜಿ ತಿರಸ್ಕೃತವಾದರೂ ವಾಪಸ್ ಇಲ್ಲ. ಅರ್ಜಿಯಲ್ಲಿನ ಘೋಷಣೆಗೆ ಇನ್ನೊಬ್ಬ ನೋಟರಿಯ ಎದುರು ಸಹಿ ಹಾಕಬೇಕು. ಹಿಂದಿನ ಶಿಕ್ಷೆಗಳಿದ್ದರೆ ಮುಚ್ಚಿಡಬೇಡಿ. ಸುಳ್ಳು ಹೇಳಿಕೆಯೇ ಅರ್ಜಿ ತಿರಸ್ಕಾರಕ್ಕೆ ಸಾಕಾಗುತ್ತದೆ. ನಾರ್ತ್ ಕೆರೊಲಿನಾದಲ್ಲಿ ಜಾಮೀನು ಬಾಂಡ್ ಬೇಕಿಲ್ಲ. ತಪ್ಪಾದರೆ ಖರ್ಚು ಭರಿಸುವ ವಿಮೆ ನಿಮ್ಮ ಇಷ್ಟಕ್ಕೆ ಬಿಟ್ಟದ್ದು.

ಅರ್ಜಿಯಲ್ಲಿ ಬರೆಯುವ ಹೆಸರಿನ ಬಗ್ಗೆ ಕೊಂಚ ನಿಂತು ಯೋಚಿಸಿ. ನೇಮಕಪತ್ರದಲ್ಲಿ ಹೇಗಿದೆಯೋ ಹಾಗೆಯೇ ಐದು ವರ್ಷ ಸಹಿ ಹಾಕಬೇಕು. ಊರು, ಅಪ್ಪನ ಹೆಸರು, ತಾತನ ಹೆಸರು ಎಲ್ಲ ಕೂಡಿದ ನಾಲ್ಕು ತುಂಡಿನ ಹೆಸರು ಕೊಟ್ಟರೆ ಟೈಟಲ್‌ನ ಬೆರಳಗಲದ ಗೆರೆಯ ಮೇಲೆ ಅಷ್ಟನ್ನೂ ಪ್ರತಿ ಸಲ ಬರೆಯಬೇಕಾಗುತ್ತದೆ. ನೇಮಕಪತ್ರದಲ್ಲಿ ಪೂರ್ತಿ ಹೆಸರು, ಸಹಿಯಲ್ಲಿ ಬರೀ ಇನಿಷಿಯಲ್ ಎಂದರೆ ನಡೆಯದು.

45 ದಿನದ ಗಡುವು

ಅರ್ಜಿ ಒಪ್ಪಿಗೆಯಾದರೆ ನೇಮಕಪತ್ರ ನಿಮ್ಮ ಕೌಂಟಿಯ ರಿಜಿಸ್ಟರ್ ಆಫ್ ಡೀಡ್ಸ್ (ಪತ್ರಗಳ ನೋಂದಣಿ) ಕಚೇರಿಗೆ ಹೋಗುತ್ತದೆ. ನಿಮಗೆ ಬರುವುದು ಸೂಚನೆ ಮಾತ್ರ. ನೇಮಕವಾದ 45 ದಿನದೊಳಗೆ ಆ ಕಚೇರಿಗೆ ಖುದ್ದಾಗಿ ಹೋಗಿ ಪ್ರಮಾಣವಚನ ತೆಗೆದುಕೊಳ್ಳಬೇಕು. ಶುಲ್ಕ 10 ಡಾಲರ್. ಗುರುತಿನ ಚೀಟಿ ಮರೆಯಬೇಡಿ. ಗಡುವು ಮೀರಿದರೆ ಕಾಗದ ರಾಜಧಾನಿಗೆ ವಾಪಸ್ ಹೋಗುತ್ತದೆ, ಮತ್ತೆ ಅರ್ಜಿ ಹಾಕಬೇಕು. ಒಂದು ವರ್ಷದೊಳಗೆ ಮತ್ತೆ ಹಾಕಿದರೆ ತರಗತಿಯಿಂದ ವಿನಾಯಿತಿ ಕೊಡುವ ಅಧಿಕಾರ ಸೆಕ್ರೆಟರಿಗೆ ಇದೆ. ಕೊಡಲೇಬೇಕೆಂದಿಲ್ಲ.

ಪ್ರಮಾಣವಚನಕ್ಕೆ ಮುಂಚೆ ಒಂದು ಮುದ್ರೆ ಒತ್ತಿದರೂ ಅದು ಕ್ಲಾಸ್ 1 ಮಿಸ್‌ಡಿಮೀನರ್, ಅಂದರೆ ಕೆಳಗಿನ ದರ್ಜೆಯ ಅಪರಾಧ. ‘ಸೂಚನೆ ಬಂದಿದೆ, ನಾಳೆ ಹೇಗೂ ಹೋಗ್ತೀನಿ, ಇವತ್ತು ಪಕ್ಕದ ಮನೆಯವರದ್ದು ಒಂದು ಮಾಡಿಕೊಡ್ತೀನಿ’ ಎನ್ನುವ ಆಸೆ ಬೇಡ. ಅವಧಿ ಮುಗಿದ ಮೇಲೆ ಒತ್ತಿದರೂ ಅದೇ ಅಪರಾಧ.

ಮುದ್ರೆ ಕೊಳ್ಳುವಾಗ

ಮುದ್ರೆಯಲ್ಲಿ ನಾಲ್ಕು ಸಂಗತಿ ಇರಲೇಬೇಕು: ನೇಮಕಪತ್ರದಲ್ಲಿರುವಂತೆಯೇ ನಿಮ್ಮ ಹೆಸರು, ನೋಟರಿ ಪಬ್ಲಿಕ್ ಎಂಬ ಪದಗಳು, ನೇಮಕವಾದ ಕೌಂಟಿಯ ಹೆಸರು ಕೌಂಟಿ ಎಂಬ ಪದದ ಸಮೇತ, ಮತ್ತು ರಾಜ್ಯದ ಹೆಸರು. ದುಂಡನೆಯದಾದರೆ ಅಡ್ಡಳತೆ ಒಂದೂವರೆಯಿಂದ ಎರಡು ಇಂಚು. ಆಯತವಾದರೆ ಒಂದು ಇಂಚು ಎತ್ತರ, ಎರಡೂವರೆ ಇಂಚು ಉದ್ದ ಮೀರುವಂತಿಲ್ಲ.

ಟೈಟಲ್ ಕೆಲಸಕ್ಕೇ ಎಂದು ಕೊಳ್ಳುವುದಾದರೆ ಆಯತದ್ದನ್ನೇ ಕೊಳ್ಳಿ. ಟೈಟಲ್‌ನ ಹಿಂಬದಿಯಲ್ಲಿ ನೋಟರಿಗೆ ಬಿಟ್ಟಿರುವ ಜಾಗ ಕಡಿಮೆ. ಎರಡು ಇಂಚಿನ ದುಂಡು ಮುದ್ರೆ ಅಕ್ಷರಗಳ ಮೇಲೆ, ಸಹಿಯ ಮೇಲೆ ಹತ್ತಿ ಕೂರುತ್ತದೆ. ಮುದ್ರೆಯ ಅಕ್ಷರವೂ ಓದಲಾಗದೆ, ಕೆಳಗಿನ ಅಕ್ಷರವೂ ಓದಲಾಗದೆ ಕಾಗದ ವಾಪಸ್ ಬರುವುದು ಹೀಗೆ. ಕಪ್ಪು ಶಾಯಿ ಇರಲಿ, ಪ್ರತಿ ತೆಗೆದಾಗ ಸ್ಪಷ್ಟವಾಗಿ ಬರುತ್ತದೆ. ಒತ್ತಿದರೆ ಉಬ್ಬು ಮೂಡುವ ಹಳೆಯ ಬಗೆಯ ಮುದ್ರೆಗೆ ಮೇಲೆ ಮಸಿ ಸವರಬೇಕಾಗುತ್ತದೆ, ಟೈಟಲ್‌ಗೆ ಅದು ಸಲ್ಲ. ಟೈಟಲ್ ಕಾಗದದ ಬಣ್ಣದ ನೇಯ್ಗೆಯ ಮೇಲೆ ಶಾಯಿ ಬೇಗ ಒರೆಸಿಕೊಳ್ಳುತ್ತದೆ. ಮೊದಲು ಬೇರೆ ಹಾಳೆಯಲ್ಲಿ ಒಂದು ಒತ್ತಿ ನೋಡಿ, ಆಮೇಲೆ ಟೈಟಲ್ ಮೇಲೆ ಒತ್ತಿ. ಒತ್ತಿದ ಮೇಲೆ ಅರ್ಧ ನಿಮಿಷ ಮಡಚಲು ಬಿಡಬೇಡಿ.

ಮುದ್ರೆ ನಿಮ್ಮ ಸ್ವತ್ತು. ಕಂಪನಿ ದುಡ್ಡು ಕೊಟ್ಟು ಮಾಡಿಸಿದ್ದರೂ ಅದು ಕಂಪನಿಯದ್ದಲ್ಲ, ಕೆಲಸ ಬಿಟ್ಟಾಗ ಜೊತೆಯಲ್ಲೇ ತನ್ನಿ. ಬೀಗ ಹಾಕಿಡಿ. ಕಳೆದರೆ ರಿಜಿಸ್ಟರ್ ಆಫ್ ಡೀಡ್ಸ್‌ಗೂ ಸೆಕ್ರೆಟರಿ ಆಫ್ ಸ್ಟೇಟ್‌ಗೂ ತಡಮಾಡದೆ ಬರಹದಲ್ಲಿ ತಿಳಿಸಬೇಕು; ಕಳವಾಗಿದ್ದರೆ ಪೊಲೀಸರಿಗೂ.

ಟೈಟಲ್ ಮೇಜಿನ ಮೇಲೆ ಬಂದಾಗ

ಕಾಗದದ ಮುಂಭಾಗದಿಂದ ಶುರು ಮಾಡಿ. ಅಲ್ಲಿ ಮಾಲೀಕರೆಂದು ಅಚ್ಚಾಗಿರುವ ಹೆಸರು ಯಾರದ್ದು? ನಿಮ್ಮೆದುರಿಗೆ ಕೂತವರು ಅವರೇನಾ? ಬಹಳಷ್ಟು ಗೋಜಲು ಇಲ್ಲೇ ಹುಟ್ಟುತ್ತದೆ. ಕಾರು ಗಂಡನ ಹೆಸರಲ್ಲಿದ್ದು ಹೆಂಡತಿ ಬಂದಿರುತ್ತಾರೆ. ಇಬ್ಬರ ಹೆಸರಿದ್ದು ಒಬ್ಬರು ಬಂದಿರುತ್ತಾರೆ. ಕೆಲಸ ಬಿಟ್ಟು ಬೆಂಗಳೂರಿಗೆ ಮರಳಿದ ಗೆಳೆಯರ ಕಾರನ್ನು ಇಲ್ಲಿಯವರು ಮಾರಲು ಹೊರಟಿರುತ್ತಾರೆ. ಅವರು ಹೋಗುವ ಮುಂಚೆ ಸಹಿ ಹಾಕಿ ಬಿಟ್ಟುಹೋದ ಟೈಟಲ್ ಕೈಯಲ್ಲಿರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಕರೆ ಮಾಡಿ ‘ನೋಡಿ, ಇವರೇ’ ಎಂದು ಫೋನ್ ಮುಂದೆ ಚಾಚುತ್ತಾರೆ. ಆಗುವುದಿಲ್ಲ. ಎದುರಿಗೆ ಎಂದರೆ ಅದೇ ಕೋಣೆಯಲ್ಲಿ, ಕೈಗೆ ಸಿಗುವಷ್ಟು ಹತ್ತಿರ. ಬಾರದವರ ಹೆಸರಿಗೆ ಮುದ್ರೆ ಒತ್ತುವುದು ಕ್ಲಾಸ್ 1 ಮಿಸ್‌ಡಿಮೀನರ್; ಸುಳ್ಳೆಂದು ಗೊತ್ತಿದ್ದೂ ಒತ್ತಿದರೆ ಫೆಲನಿ, ಅಂದರೆ ಇನ್ನೂ ಗಂಭೀರ ಅಪರಾಧ. ದೂರದಲ್ಲಿರುವವರಿಗೆ ದಾರಿ ಇಲ್ಲದಿಲ್ಲ. ವಾಹನಕ್ಕೆಂದೇ ಇರುವ ಎಂವಿಆರ್-63 ಎಂಬ ಅಧಿಕಾರಪತ್ರದ ನಮೂನೆ ಇದೆ. ಅದಕ್ಕೂ ಮಾಲೀಕರ ಸಹಿ ದೃಢೀಕರಣ ಬೇಕು. ಹಾಗಾಗಿ ವಿಮಾನ ಹತ್ತುವ ಮುಂಚೆ ಮಾಡಿಸಿಟ್ಟು ಹೋಗುವುದು ಜಾಣತನ. ಊರಿಗೆ ಹೊರಟ ಪರಿಚಯದವರಿಗೆಲ್ಲ ಇದನ್ನು ಹೇಳಿ.

ಮಾಲೀಕರು ತೀರಿಕೊಂಡಿದ್ದರೆ ಮನೆಯವರು ನೇರವಾಗಿ ಸಹಿ ಹಾಕುವಂತಿಲ್ಲ. ಅವರನ್ನು ಕೌಂಟಿಯ ಕ್ಲರ್ಕ್ ಆಫ್ ಸುಪೀರಿಯರ್ ಕೋರ್ಟ್ ಕಚೇರಿಗೆ ಕಳಿಸಿ. ಯಾವ ಅಧಿಕಾರದಲ್ಲಿ ಸಹಿ ಹಾಕಬಹುದು ಎಂಬ ಕಾಗದ ಅಲ್ಲಿಂದ ಬರಬೇಕು.

ಮುಂದಿನದು ಗುರುತು. ಫೆಡರಲ್ ಸರ್ಕಾರ, ರಾಜ್ಯ ಅಥವಾ ಮಾನ್ಯತೆ ಪಡೆದ ಬುಡಕಟ್ಟು ಸರ್ಕಾರ ಕೊಟ್ಟ, ಅವಧಿ ಮುಗಿಯದ, ಮುಖದ ಚಿತ್ರವಿರುವ, ಸಹಿ ಇಲ್ಲವೇ ದೇಹದ ಚಹರೆಯ ವಿವರ ಇರುವ ಒಂದು ದಾಖಲೆ ಸಾಕು. ಡ್ರೈವಿಂಗ್ ಲೈಸೆನ್ಸ್ ಇವೆಲ್ಲವನ್ನೂ ಒಂದೇ ಸಲ ತೀರಿಸುತ್ತದೆ. ಲೈಸೆನ್ಸ್ ಮುಗಿದು ಎರಡು ದಿನವಾಗಿದ್ದರೂ ಅದು ಮುಗಿದದ್ದೇ. ನೀವೇ ಖುದ್ದಾಗಿ ಬಲ್ಲವರಾದರೆ ದಾಖಲೆ ಬೇಕಿಲ್ಲ. ಆದರೆ ಯುಗಾದಿ ಕಾರ್ಯಕ್ರಮದಲ್ಲಿ ಎರಡು ಸಲ ನಮಸ್ಕಾರ ಹೇಳಿದವರನ್ನು ಬಲ್ಲವರೆಂದು ಲೆಕ್ಕ ಹಾಕಬೇಡಿ. ಲೈಸೆನ್ಸ್ ಕೇಳಿದರೆ ಯಾರೂ ಬೇಸರಪಡುವುದಿಲ್ಲ. ಪಟ್ಟರೆ ಪಡಲಿ.

ನಮ್ಮ ಹೆಸರುಗಳದ್ದೇ ಒಂದು ಪ್ರತ್ಯೇಕ ಕಥೆ. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದವರಿಗೆ ಅಮೆರಿಕದ ದಾಖಲೆಗಳಲ್ಲಿ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂದು ಬಂದಿರುತ್ತದೆ, ಅಂದರೆ ‘ಮೊದಲ ಹೆಸರು ಗೊತ್ತಿಲ್ಲ’. ಲೈಸೆನ್ಸ್‌ನಲ್ಲಿ ಎಫ್‌ಎನ್‌ಯು ಮಂಜುನಾಥ, ಟೈಟಲ್‌ನಲ್ಲಿ ಮಂಜುನಾಥ ಮಂಜುನಾಥ. ಇನ್ನು ಕೆಲವರಿಗೆ ಅಪ್ಪನ ಹೆಸರು ಒಂದು ಕಡೆ ನಡುವೆ, ಇನ್ನೊಂದು ಕಡೆ ಕೊನೆಗೆ. ಟೈಟಲ್‌ನಲ್ಲಿ ಅಚ್ಚಾದಂತೆ ಸಹಿ ಹಾಕಿಸಿ, ಎರಡೂ ಒಬ್ಬರೇ ಎಂದು ನಿಮಗೆ ದಾಖಲೆಯಿಂದ ಮನವರಿಕೆ ಆದರೆ ಮಾತ್ರ ಮುಂದುವರಿಯಿರಿ. ಲೈಸೆನ್ಸ್ ಹೆಸರಿನಿಂದ ಟೈಟಲ್‌ನ ಹೆಸರಿಗೆ ಸೇತುವೆ ಕಾಣದಿದ್ದರೆ ನಿಲ್ಲಿಸಿ, ರಾಜ್ಯದ ಮೋಟಾರು ವಾಹನ ಇಲಾಖೆಯಾದ ಡಿಎಂವಿಯಲ್ಲಿ ಹೆಸರು ಸರಿಮಾಡಿಸಿಕೊಂಡು ಬರಲಿ.

ಈಗ ಕಾಗದ ತಿರುಗಿಸಿ. ಹಿಂಬದಿಯ ಮೊದಲ ಭಾಗ ಮಾಲೀಕರು ಬೇರೆಯವರಿಗೆ ವರ್ಗಾಯಿಸುವುದು. ಅದರ ಕೆಳಗಿನವು ಡೀಲರ್‌ಗಳಿಗೆ. ಖಾಸಗಿ ಮಾರಾಟದಲ್ಲಿ ಡೀಲರ್ ಭಾಗಕ್ಕೆ ಕೈ ಹೋಗಬಾರದು. ಸಹಿಗೆ ಮುಂಚೆ ಕೊಳ್ಳುವವರ ಹೆಸರು, ವಿಳಾಸ, ಒಪ್ಪಿಸಿದ ದಿನಾಂಕ, ಓಡೋಮೀಟರ್ ಓದು, ಅಪಘಾತ ಮತ್ತು ಪ್ರವಾಹ ಹಾನಿಯ ಪ್ರಶ್ನೆಗಳಿಗೆ ಉತ್ತರ ಎಲ್ಲವೂ ತುಂಬಿರಬೇಕು. ಹೆಸರು ಖಾಲಿ ಬಿಟ್ಟ ಟೈಟಲ್ ಕೊಡುವುದೂ ತೆಗೆದುಕೊಳ್ಳುವುದೂ 20-72ನೇ ಕಲಂನಡಿ ಕ್ಲಾಸ್ 2 ಮಿಸ್‌ಡಿಮೀನರ್. ಖಾಲಿ ಬಿಡಿಸುವವರ ಲೆಕ್ಕಾಚಾರ ಏನೆಂದರೆ, ತಮ್ಮ ಹೆಸರಿಗೆ ಮಾಡಿಸಿಕೊಳ್ಳದೆ, ಶೇಕಡಾ 3ರ ಹೆದ್ದಾರಿ ಬಳಕೆ ತೆರಿಗೆ ಕಟ್ಟದೆ, ಮುಂದಿನವರಿಗೆ ನೇರ ಮಾರುವುದು. ಕೊನೆಗೆ ಕೊಂಡವರು ಕಷ್ಟಕ್ಕೆ ಸಿಕ್ಕಿದಾಗ ಕಾಗದದ ಮೇಲೆ ಉಳಿದಿರುವ ಹೆಸರು ಎರಡೇ, ಮೊದಲು ಮಾರಿದವರದ್ದು ಮತ್ತು ನಿಮ್ಮದು. ‘ಕೊಳ್ಳುವವರು ಇನ್ನೂ ಸಿಕ್ಕಿಲ್ಲ, ನೋಟರಿ ಮಾತ್ರ ಮಾಡಿಕೊಡಿ, ಸಮಯ ಉಳಿಯುತ್ತೆ’ ಎಂದು ಕೇಳುವವರು ಬಹಳ ಮಂದಿ ಮೋಸಗಾರರೇನಲ್ಲ, ಅವಸರದವರು. ಉತ್ತರ ಇಬ್ಬರಿಗೂ ಒಂದೇ.

ಓಡೋಮೀಟರ್ ಸಾಲನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಇದು ಫೆಡರಲ್ ನಿಯಮ. 2010 ಮತ್ತು ಅದಕ್ಕೂ ಹಳೆಯ ಮಾದರಿಗಳಿಗೆ ವಿನಾಯಿತಿ ಇದೆ. 2011ರಿಂದ ಈಚಿನ ಮಾದರಿಗಳಿಗೆ 20 ವರ್ಷದ ತನಕ ಓದು ಬರೆಯಲೇಬೇಕು. ಅಂದರೆ 2011ರ ಕಾರಿಗೆ ವಿನಾಯಿತಿ ಸಿಗುವುದು 2031ರಲ್ಲಿ. ಹತ್ತು ವರ್ಷ ಆದರೆ ಸಾಕಿತ್ತು ಎನ್ನುವ ಹಳೆಯ ಲೆಕ್ಕ ಈಗಲೂ ಜನರ ಬಾಯಲ್ಲಿದೆ. ಓದು ಬರೆಯುವಾಗ ದಶಮಾಂಶ ಬಿಡಬೇಕು, 84,512.6 ಇದ್ದರೆ 84,512. ಆರನ್ನು ಸೇರಿಸಿ ಬರೆದರೆ ಎಂಟು ಲಕ್ಷ ಮೈಲಿ ಓಡಿದ ಕಾರಾಗುತ್ತದೆ. ಓದಿಗೆ ಕೊಳ್ಳುವವರೂ ಸಹಿ ಹಾಕುತ್ತಾರೆ. ಒಬ್ಬರೇ ಮಾರುವವರ ಪರವಾಗಿಯೂ ಕೊಳ್ಳುವವರ ಪರವಾಗಿಯೂ ಇದಕ್ಕೆ ಸಹಿ ಹಾಕುವಂತಿಲ್ಲ. ಅಧಿಕಾರಪತ್ರ ಹಿಡಿದು ಗೆಳೆಯರ ಕಾರನ್ನು ತಾವೇ ಕೊಳ್ಳಹೊರಟವರು ಸಿಕ್ಕಿಬೀಳುವುದು ಇಲ್ಲಿ.

ಕಾಗದ ತುಂಬಿದ ಮೇಲೆ ಸಹಿ. ನಾರ್ತ್ ಕೆರೊಲಿನಾ ಟೈಟಲ್‌ನಲ್ಲಿ ಅಚ್ಚಾಗಿರುವುದು ಅಕ್ನಾಲೆಜ್‌ಮೆಂಟ್ ಬಗೆಯ ದೃಢೀಕರಣ. ಅಕ್ನಾಲೆಜ್‌ಮೆಂಟ್ ಆದರೆ ಸಹಿ ಮೊದಲೇ ಹಾಕಿ ತಂದಿರಬಹುದಲ್ಲ ಎಂದು ತರಗತಿಯಲ್ಲಿ ಕಲಿತದ್ದು ನೆನಪಾಗುತ್ತದೆ. ಟೈಟಲ್ ವಿಷಯದಲ್ಲಿ ಆ ಸಡಿಲಿಕೆ ಬಳಸಬೇಡಿ. 20-72ನೇ ಕಲಂ ಎದುರಿಗೇ ಸಹಿ ಆಗಬೇಕು ಎನ್ನುತ್ತದೆ. ಪೆನ್ನು ಕೊಟ್ಟು ನೋಡುತ್ತ ಕೂರಿ. ‘ಇದು ನಿಮ್ಮ ಸಹಿಯೇ, ನಿಮ್ಮಿಷ್ಟದಿಂದಲೇ ಹಾಕಿದ್ದೇ’ ಎಂದು ಬಾಯಿಬಿಟ್ಟು ಕೇಳಿ. ತಲೆ ಅಲ್ಲಾಡಿಸಿದರೆ ಸಾಲದು, ಹೌದು ಎನ್ನಲಿ. ವಯಸ್ಸಾದ ತಾಯಿಯ ಹೆಸರಿನ ಕಾರಿಗೆ ಮಗ ಸಹಿ ಹಾಕಿಸುತ್ತಿದ್ದು ಆಕೆಗೆ ಏನು ನಡೆಯುತ್ತಿದೆ ಎಂದೇ ತಿಳಿಯದಂತಿದ್ದರೆ ಮುದ್ರೆ ಒತ್ತಬಾರದು. ಎಷ್ಟೇ ಪರಿಚಯದವರಾದರೂ ಸರಿ.

ದೃಢೀಕರಣದ ಸಾಲು ತುಂಬುವಾಗ ನೋಟರಿಗಳೇ ಮಾಡುವ ಮೂರು ತಪ್ಪುಗಳಿವೆ. ಕೌಂಟಿಯ ಜಾಗದಲ್ಲಿ ಮುದ್ರೆಯಲ್ಲಿರುವ ಕೌಂಟಿ ಬರೆಯುವುದು ಮೊದಲನೆಯದು. ನೀವು ವೇಕ್ ಕೌಂಟಿಯ ನೋಟರಿ. ರಾಜ್ಯದೊಳಗೆ ಎಲ್ಲಿ ಬೇಕಾದರೂ ಕೆಲಸ ಮಾಡಬಹುದು. ಡರಂ ಕೌಂಟಿಯ ಪಾರ್ಕಿಂಗ್‌ನಲ್ಲಿ ಕೂತು ಸಹಿ ಹಾಕಿಸಿದರೆ ದೃಢೀಕರಣದಲ್ಲಿ ಡರಂ ಎಂದೇ ಬರೆಯಬೇಕು, ಮುದ್ರೆಯಲ್ಲಿ ವೇಕ್ ಎಂದೇ ಇರುತ್ತದೆ. ಎರಡು ಬೇರೆ ಇದ್ದರೆ ತಪ್ಪೇನಿಲ್ಲ, ಹಾಗೇ ಇರಬೇಕು. ಎರಡನೆಯದು ಸಹಿ ಹಾಕಿದವರ ಹೆಸರಿನ ಜಾಗದಲ್ಲಿ ಕೊಳ್ಳುವವರ ಹೆಸರು. ಮೇಜಿನ ಮುಂದೆ ಇಬ್ಬರೂ ಕೂತಿರುತ್ತಾರೆ, ಗಮನ ತಪ್ಪುತ್ತದೆ. ಇಲ್ಲಿ ಬರಬೇಕಾದದ್ದು ಮಾರುವವರ ಹೆಸರು. ಇಬ್ಬರು ಮಾಲೀಕರಲ್ಲಿ ಒಬ್ಬರು ಮಾತ್ರ ಬಂದಿದ್ದರೆ ಬಂದವರ ಹೆಸರಷ್ಟೇ. ಇನ್ನೊಬ್ಬರಿಗೆ ಬೇರೆ ದೃಢೀಕರಣ. ಮೂರನೆಯದು ದಿನಾಂಕ. ಮಾರಾಟ ಹೋದ ಶನಿವಾರ ಆಗಿದ್ದರೂ ನಿಮ್ಮ ದಿನಾಂಕ ಇವತ್ತಿನದೇ. ಹೊಸ ಟೈಟಲ್‌ಗೆ ಅರ್ಜಿ ಹಾಕಲು ಕೊಂಡವರಿಗೆ ಇರುವುದು 28 ದಿನ. ಮೀರಿದರೆ ದಂಡ 20 ಡಾಲರ್. ಆ 20 ಡಾಲರ್ ಉಳಿಸಲು ಹಿಂದಿನ ದಿನಾಂಕ ಹಾಕಿಕೊಡಿ ಎಂದು ಕೇಳುತ್ತಾರೆ. ಅವರಿಗದು 20 ಡಾಲರ್, ನಿಮಗದು ಸುಳ್ಳು ದೃಢೀಕರಣ.

ಸಹಿ, ಕೆಳಗೆ ಅಚ್ಚಕ್ಷರದಲ್ಲಿ ಹೆಸರು, ನೇಮಕದ ಅವಧಿ ಮುಗಿಯುವ ದಿನ, ಪಕ್ಕದಲ್ಲಿ ಮುದ್ರೆ. ಮುದ್ರೆ ಯಾವಾಗಲೂ ಕೊನೆಗೆ.

ಗೀಚಿದರೆ ಕೆಟ್ಟಿತು

ಟೈಟಲ್ ಮೇಲೆ ವೈಟ್ನರ್, ಅಳಿಸುವುದು, ಹೊಡೆದುಹಾಕಿ ಮೇಲೆ ಬರೆಯುವುದು ಯಾವುದೂ ನಡೆಯದು. ಕೊಳ್ಳುವವರ ಹೆಸರಿನಲ್ಲಿ ಒಂದು ಅಕ್ಷರ ತಿದ್ದಿದ್ದರೂ ಟೈಟಲ್, ನಂಬರ್ ಪ್ಲೇಟ್ ಕೆಲಸ ನೋಡಿಕೊಳ್ಳುವ ಲೈಸೆನ್ಸ್ ಪ್ಲೇಟ್ ಏಜೆನ್ಸಿಯ ಕೌಂಟರ್‌ನಲ್ಲಿ ನಿಲ್ಲಿಸುತ್ತಾರೆ. ಹಾಗೆ ಕೆಟ್ಟರೆ ಮಾಲೀಕರು ಎಂವಿಆರ್-4 ನಮೂನೆಯಲ್ಲಿ ನಕಲು ಟೈಟಲ್‌ಗೆ ಅರ್ಜಿ ಹಾಕಿ, ಕಾದು, ಮತ್ತೆ ನಿಮ್ಮ ಹತ್ತಿರ ಬರಬೇಕು. ಅದಕ್ಕೇ ಪೆನ್ನು ಹಚ್ಚುವ ಮೊದಲು ಬಿಳಿ ಹಾಳೆಯಲ್ಲಿ ಎಲ್ಲ ವಿವರ ಬರೆಸಿ, ಎರಡೂ ಲೈಸೆನ್ಸ್‌ಗಳ ಜೊತೆ ತಾಳೆ ನೋಡಿಸಿ, ಆಮೇಲೆ ಟೈಟಲ್ ಮುಟ್ಟಿಸಿ. ಐದು ನಿಮಿಷ ಹೆಚ್ಚು ಹಿಡಿಯುತ್ತದೆ, ಒಂದು ತಿಂಗಳು ಉಳಿಯುತ್ತದೆ. ಈಗಾಗಲೇ ತಿದ್ದಿರುವ ಟೈಟಲ್ ತಂದರೆ ಮುದ್ರೆ ಒತ್ತದೆ ವಾಪಸ್ ಕಳಿಸುವುದೇ ಉಪಕಾರ.

ಬೇರೆ ರಾಜ್ಯದ ಟೈಟಲ್ ಬಂದರೆ ಗಾಬರಿ ಬೇಡ. ಕೆಲಸ ನಡೆಯುವ ಜಾಗ ನಾರ್ತ್ ಕೆರೊಲಿನಾ ಆದರೆ ನಿಮಗೆ ಅಧಿಕಾರ ಇದೆ. ಅಚ್ಚಾದ ಮಾತುಗಳನ್ನು ಓದಿ. ಒಹಾಯೊದ್ದರಲ್ಲಿ ಪ್ರಮಾಣ ಮಾಡಿ ಸಹಿ ಹಾಕಿದ್ದಾರೆ ಎಂಬ ಮಾತಿದೆ. ಅಂದರೆ ಬಲಗೈ ಎತ್ತಿಸಿ ಪ್ರಮಾಣ ಮಾಡಿಸಿದ ಮೇಲೆಯೇ ಸಹಿ. ಟೈಟಲ್‌ನಲ್ಲಿ ನೋಟರಿಯ ಜಾಗವೇ ಇಲ್ಲದಿದ್ದರೆ ಯಾವುದೋ ಮೂಲೆಯಲ್ಲಿ ಒಂದು ಮುದ್ರೆ ಒತ್ತಿ ಕೊಡಬೇಡಿ.

ಶುಲ್ಕ, ದಾಖಲೆ ಪುಸ್ತಕ, ಬಾಯಿ ಬಿಗಿ

ಒಂದು ಸಹಿಗೆ ಗರಿಷ್ಠ 10 ಡಾಲರ್. ಗಂಡ ಹೆಂಡತಿ ಇಬ್ಬರೂ ಸಹಿ ಹಾಕಿದರೆ 20. ಅವರ ಮನೆಗೇ ಹೋಗುವುದಾದರೆ ಫೆಡರಲ್ ಮೈಲಿ ದರದಂತೆ ಪ್ರಯಾಣದ ಖರ್ಚು ತೆಗೆದುಕೊಳ್ಳಬಹುದು, ಆದರೆ ಹೊರಡುವ ಮುಂಚೆಯೇ ಅವರ ಬರಹದ ಒಪ್ಪಿಗೆ ಬೇಕು. ಶುಲ್ಕ ತೆಗೆದುಕೊಳ್ಳುವವರು ದರಪಟ್ಟಿಯನ್ನು ಇಂಗ್ಲಿಷ್‌ನಲ್ಲಿ, 10 ಪಾಯಿಂಟ್‌ಗಿಂತ ಚಿಕ್ಕದಲ್ಲದ ಅಕ್ಷರದಲ್ಲಿ ಎದ್ದು ಕಾಣುವಂತೆ ತೋರಿಸಬೇಕು. ಅನೇಕ ಬ್ಯಾಂಕುಗಳು ತಮ್ಮ ಗ್ರಾಹಕರಿಗೆ ಪುಕ್ಕಟೆ ಮಾಡಿಕೊಡುತ್ತವೆ. ಹಾಗಾಗಿ ಇದರಿಂದ ಮನೆ ನಡೆಯದು. ನಿಮ್ಮ ಹತ್ತಿರ ಬರುವವರು ಸಂಜೆ ಏಳಕ್ಕೆ, ಭಾನುವಾರಕ್ಕೆ ಬರುತ್ತಾರೆ. ನಿಮ್ಮ ಅನುಕೂಲವೂ ಅದೇ.

ಕಾಗದದ ಕೆಲಸಕ್ಕೆ ಜರ್ನಲ್ (ದಾಖಲೆ ಪುಸ್ತಕ) ಕಡ್ಡಾಯವಲ್ಲ ಎಂದು ಬಿಟ್ಟುಬಿಡುವವರಿದ್ದಾರೆ. ಟೈಟಲ್ ಮಾಡುವವರು ಬಿಡಬಾರದು. ದಿನ, ಹೊತ್ತು, ಜಾಗ, ಸಹಿ ಹಾಕಿದವರ ಹೆಸರು, ಯಾವ ಬಗೆಯ ಗುರುತು, ಗಾಡಿಯ ಗುರುತಿನ ಸಂಖ್ಯೆಯ (ವಿಐಎನ್) ಕೊನೆಯ ಆರು ಅಂಕಿ, ಪಡೆದ ಶುಲ್ಕ ಬರೆದು ಅವರಿಂದ ಒಂದು ಸಹಿ ಹಾಕಿಸಿಕೊಳ್ಳಿ. ಮೂರು ವರ್ಷದ ಮೇಲೆ ಪತ್ತೇದಾರರು ಕರೆ ಮಾಡಿದರೆ ನೆನಪು ಕೈ ಕೊಡುತ್ತದೆ, ಪುಸ್ತಕ ಕೊಡುವುದಿಲ್ಲ.

ನೀವೇ ಮಾರುವವರಾಗಿರುವ, ಕೊಳ್ಳುವವರಾಗಿರುವ ಕಾರಿಗೆ ನೀವೇ ನೋಟರಿ ಆಗುವಂತಿಲ್ಲ. ಹೆಂಡತಿಯ ಹೆಸರಿನ ಕಾರು? ನೆಂಟಸ್ತಿಕೆಯೊಂದೇ ಅಡ್ಡಿಯಲ್ಲ, ಮಾರಾಟದಲ್ಲಿ ನಿಮಗೆ ಪಾಲಿದೆಯೇ ಎಂಬುದು ಪ್ರಶ್ನೆ. ಮನೆಯ ಕಾರಿನಲ್ಲಿ ಪಾಲಿಲ್ಲ ಎನ್ನುವುದು ಕಷ್ಟ. ಬೇರೆ ನೋಟರಿಯ ಹತ್ತಿರ ಹೋಗಿ. ಮಾರಾಟ ಕುದುರಿಸಿ ದಲ್ಲಾಳಿ ಹಣ ಪಡೆಯುವವರೂ ಅದೇ ವ್ಯವಹಾರಕ್ಕೆ ಮುದ್ರೆ ಒತ್ತಬಾರದು.

ಸಲಹೆಯ ಮಾತು. ‘ಮಗನಿಗೆ ಕೊಡ್ತಿದೀನಿ, ಟ್ಯಾಕ್ಸ್ ಕಟ್ಟಬೇಕಾ?’, ‘ಬೆಲೆ ಕಡಿಮೆ ಬರೆದರೆ ಏನಾಗುತ್ತೆ?’ ಇವು ಪ್ರತಿ ಸಲ ಬರುವ ಪ್ರಶ್ನೆಗಳು. ಉತ್ತರ ಗೊತ್ತಿದ್ದರೂ ಪ್ಲೇಟ್ ಏಜೆನ್ಸಿಯಲ್ಲಿ ಕೇಳಿ ಎನ್ನಿ. ವಕೀಲರಲ್ಲದವರು ಕಾನೂನು ಸಲಹೆ ಕೊಡುವಂತಿಲ್ಲ. ಕನ್ನಡ ಕೂಟದ ಸಂಚಿಕೆಯಲ್ಲೋ ವಾಟ್ಸ್‌ಆ್ಯಪ್ ಗುಂಪಿನಲ್ಲೋ ‘ಇಲ್ಲಿ ನೋಟರಿ ಸೇವೆ ಇದೆ’ ಎಂದು ಕನ್ನಡದಲ್ಲಿ ಜಾಹೀರಾತು ಹಾಕುವವರಿಗೆ ಒಂದು ವಿಶೇಷ ನಿಯಮವಿದೆ. ಇಂಗ್ಲಿಷ್ ಅಲ್ಲದ ಭಾಷೆಯಲ್ಲಿ ಜಾಹೀರಾತು ಕೊಟ್ಟರೆ, ನಾನು ಈ ರಾಜ್ಯದಲ್ಲಿ ಪರವಾನಗಿ ಪಡೆದ ವಕೀಲನಲ್ಲ, ಕಾನೂನು ಸಲಹೆ ಕೊಡುವಂತಿಲ್ಲ, ಅದಕ್ಕೆ ಹಣ ಪಡೆಯುವಂತಿಲ್ಲ ಎಂಬ ಸೂಚನೆಯನ್ನು ಇಂಗ್ಲಿಷ್‌ನಲ್ಲೂ ಆ ಭಾಷೆಯಲ್ಲೂ ಸೇರಿಸಬೇಕು. ಅಂದರೆ ಎರಡು ಸಾಲಿನ ಕನ್ನಡ ಜಾಹೀರಾತಿಗೆ ನಾಲ್ಕು ಸಾಲಿನ ಎಚ್ಚರಿಕೆ. ಊರಿನ ‘ನೋಟರಿ ವಕೀಲರು’ ಎಂಬ ಅರ್ಥದಲ್ಲಿ ಜನ ನಿಮ್ಮನ್ನು ನೋಡುವ ಅಪಾಯ ನಿಜವಾಗಿಯೂ ಇರುವುದರಿಂದ ನಿಯಮ ನ್ಯಾಯವೇ.

ನಂಬರ್ ಪ್ಲೇಟ್ ಮಾರುವವರದ್ದು, ಕಾರಿನ ಜೊತೆ ಹೋಗುವುದಿಲ್ಲ. ವಿಮೆ ನಿಲ್ಲಿಸುವ ಮೊದಲು ಅದನ್ನು ಒಪ್ಪಿಸಬೇಕು. ಇದು ನೋಟರಿಯ ಕೆಲಸವಲ್ಲ, ಆದರೂ ಮೇಜಿನಿಂದ ಏಳುವಾಗ ನೆನಪಿಸಿದರೆ ಯಾರಿಗೂ ನಷ್ಟವಿಲ್ಲ.

ಐದು ವರ್ಷದ ಮೇಲೆ

ನೇಮಕದ ಅವಧಿ ಐದು ವರ್ಷ. ಮುಗಿಯುವುದಕ್ಕೆ 10 ವಾರಗಳಿಗಿಂತ ಮುಂಚೆ ನವೀಕರಣದ ಅರ್ಜಿ ತೆಗೆದುಕೊಳ್ಳುವುದಿಲ್ಲ. ಕೊನೆಯ ವಾರದ ತನಕ ಕಾಯುವುದೂ ಬೇಡ, ಮತ್ತೆ ಪ್ರಮಾಣವಚನವಿದೆ. ರಾಜ್ಯದೊಳಗೆ ಬೇರೆ ಕೌಂಟಿಗೆ ಮನೆ ಬದಲಿಸಿದರೆ 45 ದಿನದೊಳಗೆ ತಿಳಿಸಬೇಕು. ಅವಧಿ ಮುಗಿಯುವ ತನಕ ಹಳೆಯ ಮುದ್ರೆಯಲ್ಲೇ ಕೆಲಸ ಮಾಡಬಹುದು. ಕೆಲಸ ಬದಲಾಗಿ ಆಸ್ಟಿನ್‌ಗೋ ಸಿಯಾಟಲ್‌ಗೋ ಹೊರಟು, ಇಲ್ಲಿ ಮನೆಯೂ ಇಲ್ಲ ಕೆಲಸದ ಜಾಗವೂ ಇಲ್ಲ ಎಂದಾದರೆ ರಾಜೀನಾಮೆ ಕೊಡಬೇಕು, 45 ದಿನದೊಳಗೆ ಮುದ್ರೆಯನ್ನು ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಗೆ ಒಪ್ಪಿಸಬೇಕು. ಮನೆ ಸಾಮಾನಿನ ಪೆಟ್ಟಿಗೆಗಳ ನಡುವೆ ಅದನ್ನು ಲಾರಿಗೆ ಹತ್ತಿಸಿಬಿಡುವವರೇ ಹೆಚ್ಚು. ಹೊರಡುವ ವಾರ ಅಂಚೆಗೆ ಹಾಕುವ ಲಕೋಟೆಯನ್ನು ಮೊದಲೇ ಎತ್ತಿಡಿ.